ಗಾಳಿ ಕೆಡವಿದ್ದನ್ನು ಗಾಳಿಯ ಲೆಕ್ಕದಲ್ಲೇ ಅಳೆಯಿರಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಂದಾಯ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಪ್ರತಿ: ನಿರ್ದೇಶಕರು, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಬೆಂಗಳೂರು

ವಿಷಯ: ಬಿರುಗಾಳಿ ಮತ್ತು ಸುಂಟರಗಾಳಿಯಿಂದ ಹಳ್ಳಿಗಳಲ್ಲಿ ಆಗುವ ಹಾನಿಯ ಸಮೀಕ್ಷೆಯ ಕ್ರಮವನ್ನು ಬದಲಿಸುವ ಕುರಿತು.

ಮಾನ್ಯರೇ,

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳ ಹೊತ್ತಾಯಿತೆಂದರೆ ಕಪಿಲಾ ನದಿಯ ಬಯಲಿನ ಬಾಳೆ ಬೆಳೆಗಾರರಾದ ನಾವು ಮಳೆಗೆ ಎಷ್ಟು ಕಾಯುತ್ತೇವೆಯೋ ಗಾಳಿಗೆ ಅಷ್ಟೇ ಹೆದರುತ್ತೇವೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಳೆಯ ಮುಂದೆ ಮುಂದೆ ಬರುವ ಗಾಳಿ, ಹತ್ತು ಹನ್ನೊಂದು ತಿಂಗಳು ಮಕ್ಕಳಂತೆ ಸಾಕಿದ ತೋಟವನ್ನು ಕೆಲವೇ ನಿಮಿಷಗಳಲ್ಲಿ ಮಲಗಿಸಿ ಹೋಗುತ್ತದೆ. ಗಾಳಿಯನ್ನು ತಡೆಯುವುದು ಯಾವ ಸರ್ಕಾರದ ಕೈಯಲ್ಲೂ ಇಲ್ಲ. ಗಾಳಿ ಹೋದ ಮೇಲೆ ನಡೆಯುವ ಒಂದು ಕೆಲಸ ಮಾತ್ರ ಪೂರ್ತಿಯಾಗಿ ಸರ್ಕಾರದ ಕೈಯಲ್ಲಿದೆ, ಅದು ಹಾನಿಯ ಸಮೀಕ್ಷೆ. ಯಾರ ಹೆಸರು ಪಟ್ಟಿಗೆ ಸೇರುತ್ತದೆ, ಯಾರ ಹೆಸರು ಬಿಟ್ಟುಹೋಗುತ್ತದೆ, ಯಾವ ಊರಿಗೆ ಗಾಳಿ ಬಂದಿತ್ತು ಎಂದು ದಾಖಲೆ ಹೇಳುತ್ತದೆ ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲಿಯೇ. ಇಂದು ಆ ಸಮೀಕ್ಷೆ ನೆರೆ ಮತ್ತು ಬರಗಳನ್ನು ಅಳೆಯಲು ಮಾಡಿಕೊಂಡ ಅಳತೆಗೋಲಿನಿಂದ ನಡೆಯುತ್ತಿದೆ. ಗಾಳಿಯ ಹಾನಿ ಆ ಕೋಲಿಗೆ ಸಿಗುವುದಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮೂರಿನ ಮೇಲೆ ಹಾದುಹೋದ ಒಂದು ಗಾಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಸಂಜೆ ನಾಲ್ಕರ ಮೇಲೆ ಮೂಡಲಲ್ಲಿ ಮೋಡ ಕಟ್ಟಿತು, ಸೆಕೆ ಒಮ್ಮೆಲೇ ತಗ್ಗಿ ತಣ್ಣನೆಯ ಗಾಳಿ ನುಗ್ಗಿತು. ಅದು ನಿಂತ ಮೇಲೆ ಹೊರಗೆ ಬಂದು ನೋಡಿದರೆ, ಕೆರೆ ಏರಿಯ ಕೆಳಗಿನಿಂದ ಹಳೆಯ ಆಲೆಮನೆಯವರೆಗೆ ಒಂದು ಪಟ್ಟಿಯಲ್ಲಿದ್ದ ತೋಟಗಳೆಲ್ಲ ಒರಗಿಕೊಂಡಿದ್ದವು. ಆ ಪಟ್ಟಿಯ ಬದು ದಾಟಿದ ಆಚೆಗೆ ಬಾಳೆಯ ಎಲೆಗಳು ಅಷ್ಟಿಷ್ಟು ಸೀಳಿದ್ದು ಬಿಟ್ಟರೆ ಗಿಡಗಳು ನೆಟ್ಟಗೆ ನಿಂತಿದ್ದವು. ಗೊನೆ ಹೊತ್ತ ಗಿಡಗಳೇ ಮೊದಲು ಬೀಳುತ್ತವೆ, ಏಕೆಂದರೆ ಭಾರವೆಲ್ಲ ತಲೆಯಲ್ಲಿರುತ್ತದೆ. ದಿಂಡು ಮೊಣಕಾಲೆತ್ತರಕ್ಕೆ ಮುರಿದು, ನಾರು ಮಾತ್ರ ಹಿಡಿದುಕೊಂಡು, ಗೊನೆಯ ಕೊನೆಯ ಚಿಪ್ಪುಗಳು ಮಣ್ಣಿಗೆ ಒತ್ತಿ ಜಜ್ಜಿದ್ದವು. ಎರಡು ದಿನ ಕಳೆಯುವುದರೊಳಗೆ ಕಾಯಿಯ ಏಣುಗಳು ಕಪ್ಪಗಾದವು. ಮುಕ್ಕಾಲು ಬಲಿತ ಆ ಕಾಯಿಗಳನ್ನು ಮಂಡಿಯವರು ತಕ್ಕಡಿಗೂ ಹಾಕಿಕೊಳ್ಳಲಿಲ್ಲ, ದನಗಳ ಮುಂದೆ ಸುರಿದೆವು.

ಇನ್ನು ಸಮೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ತಮ್ಮ ಇಲಾಖೆಯ ಕಡತಗಳಲ್ಲಿ ಕಾಣುವಂತೆ ಹೇಳದೆ, ತೋಟದ ಬದುವಿನ ಮೇಲೆ ನಿಂತವರಿಗೆ ಕಾಣುವಂತೆ ಹೇಳುತ್ತೇನೆ. ಮಾರನೆಯ ದಿನವೇ ತಾಲ್ಲೂಕು ಕಚೇರಿಗೆ ಒಂದು ಸಂಖ್ಯೆ ಬೇಕಾಗುತ್ತದೆ, ಜಿಲ್ಲಾ ಕೇಂದ್ರದಿಂದ ಕೇಳುತ್ತಿರುತ್ತಾರೆ. ಗ್ರಾಮ ಆಡಳಿತ ಅಧಿಕಾರಿಗೆ ಹಲವು ಊರುಗಳ ಹೊಣೆ. ರಸ್ತೆಗೆ ಅಡ್ಡ ಬಿದ್ದ ಮರ, ಮುರಿದ ವಿದ್ಯುತ್ ಕಂಬಗಳ ನಡುವೆ ಅವರು ಬೈಕಿನಲ್ಲಿ ಬಂದು, ದಾರಿಗೆ ಕಾಣುವ ತೋಟಗಳನ್ನು ನೋಡಿ, ಉಳಿದದ್ದನ್ನು ಊರಿನವರ ಬಾಯಿಂದ ಕೇಳಿ ಬರೆದುಕೊಂಡು ಹೋಗುತ್ತಾರೆ. ಅದು ಪ್ರಾಥಮಿಕ ವರದಿ. ಆಮೇಲೆ ಕಂದಾಯ ಮತ್ತು ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆ ಆಗಬೇಕು. ಎರಡೂ ಇಲಾಖೆಯವರಿಗೆ ಬಿಡುವು ಕೂಡಿ ಬರುವಷ್ಟರಲ್ಲಿ ವಾರಗಳು ಉರುಳುತ್ತವೆ. ನಾನು ಆ ಸಿಬ್ಬಂದಿಯನ್ನು ದೂರುತ್ತಿಲ್ಲ. ಬಿಸಿಲಿನಲ್ಲಿ ಸುತ್ತಿ, ಎರಡು ಕಡೆಯವರ ಮಾತನ್ನೂ ಕೇಳಿಸಿಕೊಂಡು ಕೆಲಸ ಮಾಡುವ ಹುಡುಗ ಹುಡುಗಿಯರ ಮೇಲೆ ನಮಗೆ ಅಕ್ಕರೆಯಿದೆ. ಅವರ ಕೈಗೆ ಕೊಟ್ಟಿರುವ ನಮೂನೆಯಲ್ಲೇ ಗಾಳಿಗೆ ಜಾಗವಿಲ್ಲ ಎಂಬುದು ನನ್ನ ತಕರಾರು.

ಮೊದಲನೆಯದಾಗಿ ಸಮಯದ ವಿಚಾರ. ನೆರೆ ಇಳಿದ ಮೇಲೂ ಗೋಡೆಯ ಮೇಲೆ ನೀರಿನ ಗೆರೆ ಉಳಿಯುತ್ತದೆ, ಬರದಲ್ಲಿ ಒಣಗಿದ ಪೈರು ಹೊಲದಲ್ಲೇ ನಿಂತಿರುತ್ತದೆ. ಗಾಳಿ ಬಿಟ್ಟುಹೋದ ಸಾಕ್ಷ್ಯಕ್ಕೆ ಅಷ್ಟು ಆಯುಷ್ಯವಿಲ್ಲ. ಬಿದ್ದ ಬಾಳೆ ಗಿಡಗಳನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತಿರುವ ದಿಂಡಿಗೆ ಮೂತಿಹುಳು ಸೇರಿಕೊಂಡು ಮುಂದಿನ ಕೂಳೆಯನ್ನೂ ತಿಂದುಹಾಕುತ್ತದೆ. ಬುಡದಲ್ಲಿರುವ ಕಂದುಗಳಿಗೆ ಬೆಳಕು ಬೇಕು. ಆದ್ದರಿಂದ ತಿಳಿದ ರೈತ ಮೂರ್ನಾಲ್ಕು ದಿನಗಳಲ್ಲೇ ಆಳು ಹಿಡಿದು ಕಡಿಸಿ ಬದುವಿಗೆ ಹಾಕಿಸುತ್ತಾನೆ. ಸಮೀಕ್ಷೆಯವರು ಬಂದಾಗ ಅವರ ಕಣ್ಣಿಗೆ ಕಾಣುವುದು ಅಚ್ಚುಕಟ್ಟಾದ ಖಾಲಿ ನೆಲ. ಸಮೀಕ್ಷೆಗಾಗಿ ಕಾದು ಕುಳಿತವನಿಗೆ ಮುಂದಿನ ಬೆಳೆಯೂ ಕೆಡುತ್ತದೆ, ಕಾಯದೆ ಶುಚಿ ಮಾಡಿದವನಿಗೆ ಪರಿಹಾರ ತಪ್ಪುತ್ತದೆ. ಕಷ್ಟಪಟ್ಟು ತೋಟವನ್ನು ಮತ್ತೆ ಎತ್ತಿ ನಿಲ್ಲಿಸುವವನಿಗೇ ದಂಡ ಹಾಕುವ ಈ ಕ್ರಮವನ್ನು ಯಾವ ನ್ಯಾಯದಿಂದಲೂ ಸಮರ್ಥಿಸಲಾಗದು.

ಹೀಗಾಗದಂತೆ ನೋಡಿಕೊಳ್ಳಲು ಬೇಕಾದ ಸಲಕರಣೆಗಳೆಲ್ಲ ಸರ್ಕಾರದ ಬಳಿ ಈಗಾಗಲೇ ಇವೆ. ಪ್ರತಿ ಹಂಗಾಮಿನಲ್ಲೂ ನಮ್ಮ ರಾಜ್ಯದಲ್ಲಿ ಮೊಬೈಲ್ ಆ್ಯಪ್ ಮೂಲಕ ತಾಕುವಾರು ಬೆಳೆ ಸಮೀಕ್ಷೆ ನಡೆಯುತ್ತದೆ, ಜಾಗದ ಗುರುತು ಸಹಿತ ಫೋಟೊ ತೆಗೆಯಲಾಗುತ್ತದೆ, ರೈತರು ಸ್ವತಃ ತಮ್ಮ ಬೆಳೆಯನ್ನು ದಾಖಲಿಸಲೂ ಅವಕಾಶವಿದೆ. ಗಾಳಿ ಬರುವ ಮೊದಲು ಆ ತಾಕಿನಲ್ಲಿ ಏನಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಿಂತ ಜಾಗದ ಸರ್ವೆ ನಂಬರನ್ನು ತೋರಿಸುವ ‘ದಿಶಾಂಕ್’ ಆ್ಯಪ್ ಹಳ್ಳಿಯ ಕಾಲೇಜು ಹುಡುಗರ ಫೋನಿನಲ್ಲೆಲ್ಲ ಇದೆ. ಗಾಳಿಯಾದ ಮೂರು ದಿನಗಳೊಳಗೆ ರೈತನೇ ತನ್ನ ತಾಕಿನ ನಾಲ್ಕು ಮೂಲೆಗಳಿಂದ ಜಾಗದ ಗುರುತು ಸಹಿತ ತೆಗೆದ ಫೋಟೊಗಳನ್ನು, ಪಕ್ಕದ ಇಬ್ಬರು ಹಿಡುವಳಿದಾರರ ಸಹಿಯಿರುವ ಮಹಜರಿನೊಂದಿಗೆ ಗ್ರಾಮ ಪಂಚಾಯಿತಿಗೆ ಸಲ್ಲಿಸಿದರೆ ಅದನ್ನು ಸಾಕ್ಷ್ಯವೆಂದು ಒಪ್ಪಬೇಕು, ಅನಂತರ ತೋಟ ಶುಚಿ ಮಾಡಿದ್ದರೂ ಅರ್ಜಿ ತಿರಸ್ಕರಿಸಬಾರದು ಎಂದು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಇಂದು ಆಗುತ್ತಿರುವುದು ಇದಕ್ಕೆ ವಿರುದ್ಧ. ಪಹಣಿಯ ಬೆಳೆ ಕಾಲಂನಲ್ಲಿ ಹಿಂದಿನ ಸಲದ ರಾಗಿಯೋ ಹುರುಳಿಯೋ ಉಳಿದಿದ್ದರೆ, ಕಣ್ಣೆದುರು ಬಿದ್ದಿರುವ ಸಾವಿರ ಬಾಳೆ ಗಿಡಗಳಿಗಿಂತ ಆ ಕಾಲಂನ ಮಾತೇ ನಡೆಯುತ್ತದೆ.

ಎರಡನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಹಾನಿಯ ಆಕಾರ. ಬರ ಬಂದರೆ ಹೋಬಳಿಗೆ ಹೋಬಳಿಯೇ ಒಣಗುತ್ತದೆ, ಆದ್ದರಿಂದ ಹೋಬಳಿಯ ಸರಾಸರಿಗೆ ಅಲ್ಲಿ ಅರ್ಥವಿದೆ. ಗಾಳಿ ಹಾಗೆ ಬರುವುದಿಲ್ಲ. ಗುಡುಗು ಮೋಡದೊಳಗೆ ಮಳೆಯ ಹನಿಗಳು ಆವಿಯಾಗುತ್ತಾ ಸುತ್ತಲಿನ ಗಾಳಿಯನ್ನು ತಣಿಸುತ್ತವೆ, ತಣಿದು ಭಾರವಾದ ಗಾಳಿ ಕೆಳಗೆ ಧುಮುಕಿ ನೆಲಕ್ಕೆ ಬಡಿದು ಹೊರಕ್ಕೆ ಚೆಲ್ಲುತ್ತದೆ. ಹೀಗೆ ಬಡಿದ ಗಾಳಿಯ ಹರಹು 4 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಅದನ್ನು ಮೈಕ್ರೋಬರ್ಸ್ಟ್ ಎಂದು ಹವಾಮಾನ ವಿಜ್ಞಾನಿಗಳು ಕರೆಯುತ್ತಾರೆ. ಸುಂಟರಗಾಳಿಯಾದರೆ ಅದರ ಜಾಡು ಬಹುಪಾಲು ಕೆಲವು ನೂರು ಮೀಟರುಗಳಷ್ಟೇ ಅಗಲ. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲ್‌ಪೈಗುರಿ ಜಿಲ್ಲೆಯ ಮಯ್ನಾಗುರಿ ಸುತ್ತಮುತ್ತ ಬೀಸಿದ ಸುಂಟರಗಾಳಿ ಕೆಲವೇ ನಿಮಿಷಗಳಲ್ಲಿ ಜೀವಗಳನ್ನೂ ನೂರಾರು ಮನೆಗಳನ್ನೂ ಬಲಿ ತೆಗೆದುಕೊಂಡಿತು. ಅದಕ್ಕೂ ಮೊದಲು 2009ರ ಮಾರ್ಚ್ 31ರಂದು ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ರಾಜಕನಿಕಾ ಭಾಗದ ಹಳ್ಳಿಗಳೂ ಇಂಥದ್ದೇ ಗಾಳಿಗೆ ಸಿಕ್ಕಿದ್ದವು. ಜಿಲ್ಲೆಯ ನಕ್ಷೆಯ ಮೇಲೆ ಅವು ಪೆನ್ಸಿಲಿನ ಒಂದು ಗೆರೆಯಷ್ಟು, ಆ ಗೆರೆಯ ಮೇಲಿದ್ದವರಿಗೆ ಮಾತ್ರ ಅದು ಸರ್ವಸ್ವ.

ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಬಗ್ಗೆ ನನಗೆ ಗೌರವವಿದೆ. 1980ರ ದಶಕದ ಕೊನೆಯಲ್ಲಿ ಬರದ ಉಸ್ತುವಾರಿಗೆಂದು ಆರಂಭವಾದ ಆ ಸಂಸ್ಥೆ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಇಟ್ಟಿದೆ. ಬೇರೆ ಹಲವು ರಾಜ್ಯಗಳ ರೈತರಿಗೆ ಈ ಭಾಗ್ಯವಿಲ್ಲ. ಆದರೆ ಗಾಳಿಯ ವೇಗವನ್ನು ಅಳೆಯುವ ಯಂತ್ರ ಹೋಬಳಿ ಕೇಂದ್ರದಲ್ಲಿದ್ದು ಗಾಳಿ ಎಂಟು ಕಿಲೋಮೀಟರ್ ಆಚೆ ಬಡಿದರೆ, ಯಂತ್ರಕ್ಕೆ ಸಿಗುವುದು ಸಾಧಾರಣ ಬೀಸು ಮಾತ್ರ. ಹೀಗೆ ಸಿಕ್ಕ ಅಂಕಿಯನ್ನೇ ಮುಂದಿಟ್ಟು ‘ನಿಮ್ಮ ಹೋಬಳಿಯಲ್ಲಿ ಅಂಥ ಗಾಳಿ ದಾಖಲಾಗಿಲ್ಲವಲ್ಲ’ ಎಂದು ನಮ್ಮೂರಿನ ವಯಸ್ಸಾದ ಹೆಣ್ಣುಮಗಳೊಬ್ಬರಿಗೆ ಕಚೇರಿಯೊಂದರಲ್ಲಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಕೆಯ ತೋಟದಲ್ಲಿ ಬಿದ್ದ ಮರಗಳೇ ಗಾಳಿಯ ದಾಖಲೆ ಎಂದು ಆ ಕಚೇರಿಯವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಬಿದ್ದ ಮರಗಳನ್ನು ಓದುವುದು ಒಂದು ಶಾಸ್ತ್ರ. ಅದನ್ನು ಬೆಳೆಸಿದವರು ಜಪಾನಿನಲ್ಲಿ ಹುಟ್ಟಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿದ ಟೆಟ್ಸುಯಾ ಫುಜಿತ. 1945ರಲ್ಲಿ ಅಣುಬಾಂಬು ಬಿದ್ದ ಊರುಗಳಲ್ಲಿ ಹಾನಿಯನ್ನು ನೋಡಲು ಹೋಗಿದ್ದ ಆ ತರುಣ ವಿಜ್ಞಾನಿ, ಮರಗಳು ಒಂದು ಕೇಂದ್ರದಿಂದ ಎಲ್ಲ ದಿಕ್ಕಿಗೂ ಹೊರಮುಖವಾಗಿ ಬಿದ್ದಿದ್ದನ್ನು ಗಮನಿಸಿದ್ದರು. ದಶಕಗಳ ನಂತರ ಅಮೆರಿಕದಲ್ಲಿ ಬಿರುಗಾಳಿಗೆ ಸಿಕ್ಕ ಕಾಡು ಮತ್ತು ಹೊಲಗಳನ್ನು ವಿಮಾನದಿಂದ ನೋಡಿದಾಗ ಅದೇ ವಿನ್ಯಾಸ ಅವರ ಕಣ್ಣಿಗೆ ಬಿತ್ತು. ಮೇಲಿನಿಂದ ಧುಮುಕುವ ಗಾಳಿ ಮರಗಳನ್ನು ಹೊರಕ್ಕೆ ಹರಡಿ ಕೆಡವುತ್ತದೆ. ಸುತ್ತುವ ಗಾಳಿ ಕಿರಿದಾದ ಜಾಡಿನ ಎರಡು ಬದಿಯಿಂದಲೂ ಒಳಮುಖವಾಗಿ, ಒಂದರ ಮೇಲೊಂದು ಅಡ್ಡಡ್ಡ ಬೀಳುವಂತೆ ಕೆಡವುತ್ತದೆ. ಗಾಳಿಯ ಬಲವನ್ನು ಯಂತ್ರವಿಲ್ಲದೆ, ಅದು ಮಾಡಿದ ಹಾನಿಯಿಂದಲೇ ಅಂದಾಜು ಮಾಡುವ ಮಾಪಕವನ್ನು 1971ರಲ್ಲಿ ಅವರು ಮುಂದಿಟ್ಟರು. 2007ರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ ಅದರ ಪರಿಷ್ಕೃತ ರೂಪದಲ್ಲಿ ಹಾನಿಯ ಗುರುತುಗಳೆಂದು 28 ಬಗೆಯ ಕಟ್ಟಡ, ಕಂಬ, ಮರಗಳನ್ನು ಪಟ್ಟಿ ಮಾಡಲಾಗಿದೆ. ಅಲ್ಲಿನ ಹವಾಮಾನ ಇಲಾಖೆಯ ಸಿಬ್ಬಂದಿ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ಸ್ಥಳಕ್ಕೆ ಹೋಗಿ, ಪ್ರತಿ ಕಟ್ಟಡದ ಮುಂದೆ ನಿಂತು, ಛಾವಣಿ ಹಾರಿತೇ, ಗೋಡೆ ಬಿದ್ದಿತೇ, ಮೊಳೆ ಗಟ್ಟಿಯಿತ್ತೇ ಎಂದು ನೋಡಿ ಬರೆಯುತ್ತಾರೆ. ಅವರಿಗೂ ಒಂದು ತೊಡಕಿದೆ. ಬಯಲು ಹೊಲದ ಮೇಲೆ ಹಾದ ಗಾಳಿ ಯಾವುದಕ್ಕೂ ತಗಲದಿದ್ದರೆ ಅದರ ಬಲವನ್ನು ಅಳೆಯಲು ಆಧಾರವೇ ಇರುವುದಿಲ್ಲ. ಮನೆಗಳು ವಿರಳವಾದ ಗ್ರಾಮೀಣ ಭಾಗಕ್ಕೆ ಎಲ್ಲೆಡೆಯೂ ಇದು ಅಂಟಿಕೊಂಡ ತೊಂದರೆ.

ಅಮೆರಿಕದ ಮರದ ಮನೆಗಳ ಪಟ್ಟಿಯನ್ನು ತಂದು ಇಲ್ಲಿ ಹಚ್ಚಿ ಎಂದು ನಾನು ಕೇಳುತ್ತಿಲ್ಲ. ಯುರೋಪಿನವರು ತಮ್ಮ ಕಟ್ಟಡಗಳಿಗೂ ಹೊಂದುವಂತೆ 2023ರಲ್ಲಿ ಬೇರೆಯದೇ ಮಾಪಕವನ್ನು ಸಿದ್ಧಪಡಿಸಿಕೊಂಡರು. ನಮ್ಮ ಹಳ್ಳಿಗಳಿಗೆ ನಮ್ಮದೇ ಗುರುತುಗಳು ಬೇಕು: ಮಂಗಳೂರು ಹೆಂಚಿನ ಮನೆ, ಸಿಮೆಂಟ್ ಶೀಟಿನ ಮನೆ, ತಗಡಿನ ಕೊಟ್ಟಿಗೆ, ಗೊನೆ ಬಿಟ್ಟ ಬಾಳೆ, ಫಸಲಿಗೆ ಬಂದ ಅಡಿಕೆ, ತೆಂಗು, ರಸ್ತೆ ಬದಿಯ ಹುಣಸೆ ಮರ, ಸಿಮೆಂಟಿನ ವಿದ್ಯುತ್ ಕಂಬ. ಇವುಗಳಲ್ಲಿ ಯಾವುದು ಎಷ್ಟು ಬಲದ ಗಾಳಿಗೆ ಹೇಗೆ ಮುರಿಯುತ್ತದೆ ಎಂದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳು ಸೇರಿ ಒಂದು ಕೈಪಿಡಿ ಮಾಡಿಕೊಡಬಲ್ಲವು. ಅದು ಬರುವವರೆಗೂ ಸಮೀಕ್ಷೆಯ ನಮೂನೆಯಲ್ಲಿ ಎರಡೇ ಎರಡು ಕಾಲಂ ಸೇರಿಸಿ: ಗಿಡಮರಗಳ ತಲೆ ಯಾವ ದಿಕ್ಕಿಗೆ ಬಿದ್ದಿದೆ, ಹಾನಿಯ ಪಟ್ಟಿ ಯಾವ ಸರ್ವೆ ನಂಬರಿನಿಂದ ಯಾವ ಸರ್ವೆ ನಂಬರಿನವರೆಗೆ ಹರಡಿದೆ. ಫೋನಿನಲ್ಲೇ ಇರುವ ದಿಕ್ಸೂಚಿ ಇದಕ್ಕೆ ಸಾಕು. ಹತ್ತು ತೋಟಗಳ ದಿಕ್ಕನ್ನು ಊರಿನ ನಕ್ಷೆಯ ಮೇಲೆ ಬಾಣದ ಗುರುತಿನಲ್ಲಿ ಹಾಕಿದರೆ ಗಾಳಿ ಎಲ್ಲಿ ನೆಲ ಮುಟ್ಟಿತು, ಎಲ್ಲಿಗೆ ಹೋಯಿತು ಎಂಬುದು ತಾನಾಗಿ ಕಾಣುತ್ತದೆ. ಆ ಪಟ್ಟಿಯೊಳಗೆ ಇಲ್ಲದ ಜಮೀನಿಗೆ ಸುಳ್ಳು ಅರ್ಜಿ ಹಾಕಿದವರೂ ಆಗ ಸಿಕ್ಕಿಬೀಳುತ್ತಾರೆ. ವರ್ಷ ವರ್ಷವೂ ಇಂಥ ನಕ್ಷೆಗಳು ಕೂಡುತ್ತಾ ಹೋದರೆ, ಯಾವ ಬದುವಿನಲ್ಲಿ ಸರ್ವೆ ಮರದ ಅಥವಾ ಸಿಲ್ವರ್ ಓಕ್ ಸಾಲು ನೆಟ್ಟರೆ ಗಾಳಿಗೆ ತಡೆಯಾದೀತು ಎಂದು ರೈತರಿಗೆ ಹೇಳಲು ಇಲಾಖೆಯ ಬಳಿ ಆಧಾರವಿರುತ್ತದೆ.

ಹಾನಿಯ ಪ್ರಮಾಣವನ್ನು ಬರೆಯುವಾಗಲೂ ಇದೇ ಎಚ್ಚರ ಬೇಕು. ಶೇ 33 ಮತ್ತು ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾಗಿದ್ದರೆ ಮಾತ್ರ ಇನ್‌ಪುಟ್ ಸಬ್ಸಿಡಿಗೆ, ಅಂದರೆ ಬೀಜ, ಗೊಬ್ಬರಗಳ ಖರ್ಚಿನ ನೆರವಿಗೆ, ಅರ್ಹತೆ ಎಂಬುದು ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾನದಂಡ. ಬಿದ್ದ ಗಿಡಗಳನ್ನಷ್ಟೇ ಎಣಿಸಿದರೆ ಬಾಳೆಯಲ್ಲಿ ಅರ್ಧ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಬೇರು ಸಡಿಲಗೊಂಡು ವಾಲಿದ ಗಿಡ ಸಮೀಕ್ಷೆಯ ದಿನ ಹಸಿರಾಗಿಯೇ ಇರುತ್ತದೆ, ಆದರೆ ಅದರ ಗೊನೆ ತುಂಬಿಕೊಳ್ಳುವುದಿಲ್ಲ. ಎಲೆಗಳೆಲ್ಲ ಚಿಂದಿಯಾದ ಗಿಡದ ಕಾಯಿ ಸಣಕಲಾಗುತ್ತದೆ. ಅಡಿಕೆಯಲ್ಲಿ ಇನ್ನೂ ಕಷ್ಟ. ತೋಟದ ನಡುವೆ ಮರಗಳು ಮುರಿದು ಬಯಲಾದ ಕಡೆ, ನೆರಳಿನಲ್ಲೇ ಬೆಳೆದ ಪಕ್ಕದ ಮರಗಳ ಕಾಂಡಕ್ಕೆ ಪಡುವಣ ಬಿಸಿಲು ಬಡಿದು ಸೀಳು ಬಿಡುತ್ತದೆ, ಅವು ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಸಾಯುತ್ತವೆ. ಮುರಿದ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯ ಮಾತು ಯಾವ ನಮೂನೆಯಲ್ಲೂ ಇಲ್ಲ. ಹೊಸ ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಆದ್ದರಿಂದ ಬಹುವಾರ್ಷಿಕ ಬೆಳೆಗಳ ವಿಷಯದಲ್ಲಿ ಒಂದೇ ಭೇಟಿಗೆ ಕಡತ ಮುಚ್ಚದೆ, ಮಳೆಗಾಲ ಮುಗಿದ ಮೇಲೆ ತೋಟಗಾರಿಕೆ ಇಲಾಖೆಯವರು ಎರಡನೆಯ ಸಲ ಬಂದು ನೋಡುವಂತೆ ನಿಯಮವಾಗಬೇಕು.

ಮನೆಗಳ ಕಡೆಗೆ ಬರೋಣ. ನಮ್ಮ ಕಡೆಯ ಬಡವರ ಮನೆಗಳ ಮೇಲಿರುವುದು ಸಿಮೆಂಟ್ ಶೀಟು ಅಥವಾ ತಗಡು. ಅದನ್ನು ತೀರಿಗೆ ಬಿಗಿಯುವ ಹುಕ್ಕುಗಳಿಗೆ ದುಡ್ಡು ಸಾಲದೆ ಶೀಟಿನ ಮೇಲೆ ದಪ್ಪ ಕಲ್ಲುಗಳನ್ನು ಹೊರಿಸಿರುತ್ತಾರೆ. ಗಾಳಿ ಒಳಹೊಕ್ಕು ಶೀಟನ್ನು ಎತ್ತಿದಾಗ ಆ ಕಲ್ಲುಗಳೇ ಒಳಗಿದ್ದವರ ಮೇಲೆ ಬೀಳುತ್ತವೆ. ನಮ್ಮೂರಿನ ಒಂದು ಮನೆಯಲ್ಲಿ ಛಾವಣಿ ಪೂರ್ತಿ ಹಾರಿ ಪಕ್ಕದ ಹೊಲ ಸೇರಿತ್ತು, ನಾಲ್ಕು ಗೋಡೆಗಳು ಮಾತ್ರ ನಿಂತಿದ್ದವು. ಹಿಂದೆಯೇ ಸುರಿದ ಮಳೆಗೆ ವರ್ಷದ ರಾಗಿ ನೆನೆದು ಮೊಳಕೆಯೊಡೆಯಿತು, ಹಾಸಿಗೆ, ಬಟ್ಟೆ, ಮಕ್ಕಳ ಪುಸ್ತಕ ಯಾವುದೂ ಉಳಿಯಲಿಲ್ಲ. ಗೋಡೆ ನಿಂತಿದೆ ಎಂಬ ಕಾರಣಕ್ಕೆ ದಾಖಲೆಯಲ್ಲಿ ಅದು ‘ಭಾಗಶಃ ಹಾನಿ’ ಆಯಿತು. 2025–26ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿ ಮಾಡಿದ ದರದಲ್ಲಿ ಬಯಲುಸೀಮೆಯ ಪೂರ್ಣ ಹಾನಿಯ ಮನೆಗೆ 1,20,000 ರೂಪಾಯಿ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಬಟ್ಟೆ ಮತ್ತು ಪಾತ್ರೆ ಪಗಡೆಗಳಿಗೆಂದು ಕೊಡುವ ನೆರವು ಬೇರೆ ಇದೆ, ಆದರೆ ಅದು ಮನೆ ಕೊಚ್ಚಿಹೋದವರಿಗೆ, ಪೂರ್ಣ ಹಾನಿಯಾದವರಿಗೆ ಅಥವಾ ನಿಗದಿತ ಅವಧಿಗೆ ಮೀರಿ ಮನೆಯಲ್ಲಿ ನೀರು ನಿಂತವರಿಗೆ. ಛಾವಣಿಯಿಲ್ಲದ ಮನೆಯಲ್ಲಿ ನೀರು ನಿಲ್ಲುವುದಿಲ್ಲ, ಎಲ್ಲವನ್ನೂ ನೆನೆಸಿ ಹರಿದುಹೋಗುತ್ತದೆ. ನೆರೆಯನ್ನು ಮನಸ್ಸಿನಲ್ಲಿಟ್ಟು ಬರೆದ ಷರತ್ತು ಗಾಳಿಗೆ ಸಿಕ್ಕ ಸಂಸಾರವನ್ನು ಹೇಗೆ ಹೊರಗಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಛಾವಣಿ ಪೂರ್ತಿ ಹೋದ ಮನೆಯನ್ನು ವಾಸಕ್ಕೆ ಯೋಗ್ಯವಲ್ಲದ ಮನೆ ಎಂದೇ ವರ್ಗೀಕರಿಸಬೇಕು.

ಈ ಗೊಂದಲಗಳ ಬೇರು ವಿಪತ್ತುಗಳ ಪಟ್ಟಿಯಲ್ಲೇ ಇದೆ. ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ನೆರವು ಕೊಡಲು ಕೇಂದ್ರ ಗುರುತಿಸಿದ ವಿಪತ್ತುಗಳಲ್ಲಿ ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ ಇವೆ. ಸಮುದ್ರದಲ್ಲಿ ಹುಟ್ಟುವ ಚಂಡಮಾರುತ ಇದೆಯಾದರೂ, ಒಂದು ಸಂಜೆ ಒಂದು ಊರಿನ ಮೇಲೆ ಎರಗುವ ಬಿರುಗಾಳಿಗೂ ಸುಂಟರಗಾಳಿಗೂ ಅಲ್ಲಿ ಹೆಸರಿಲ್ಲ. ಆದರೆ ಇದೇ ನಿಯಮದಲ್ಲಿ ಒಂದು ಬಾಗಿಲು ತೆರೆದಿದೆ. ರಾಜ್ಯಗಳು ತಮ್ಮಲ್ಲಿನ ಸ್ಥಳೀಯ ವಿಪತ್ತುಗಳನ್ನು ಅಧಿಸೂಚನೆಯ ಮೂಲಕ ಹೆಸರಿಸಿ, ನಿಧಿಯ ಶೇ 10ರವರೆಗಿನ ಹಣವನ್ನು ಅವುಗಳಿಗೆ ಬಳಸಬಹುದು. ಒಡಿಶಾ ಸುಳಿಗಾಳಿ ಮತ್ತು ಸುಂಟರಗಾಳಿಗಳನ್ನು ಹೀಗೆ ಹೆಸರಿಸಿದೆ, ಕೇರಳ ಬಿರುಸಾದ ಗಾಳಿಯನ್ನು ಸೇರಿಸಿಕೊಂಡಿದೆ. ನಮ್ಮ ರಾಜ್ಯದ ಆದೇಶಗಳಲ್ಲೂ ಗಾಳಿಗೆ ಸಂಶಯಕ್ಕೆಡೆಯಿಲ್ಲದ, ಸ್ವಂತ ಹೆಸರಿನ ಜಾಗ ಇರಬೇಕು. ಹೆಸರು ಸ್ಪಷ್ಟವಿಲ್ಲದ ಕಡೆ ‘ಮಳೆ ಎಷ್ಟು ಮಿಲಿಮೀಟರ್ ಬಿದ್ದಿತ್ತು’ ಎಂಬ ಪ್ರಶ್ನೆ ಮುಂದೆ ಬರುತ್ತದೆ, ಒಣಗಾಳಿಗೆ ತೋಟ ಕಳೆದುಕೊಂಡವನ ಬಳಿ ಅದಕ್ಕೆ ಉತ್ತರವಿರುವುದಿಲ್ಲ.

ಬೆಳೆ ವಿಮೆಯಲ್ಲೂ ಕಥೆ ಬೇರೆಯಲ್ಲ. ಫಸಲ್ ಬಿಮಾ ಯೋಜನೆಯಡಿ 72 ಗಂಟೆಗಳೊಳಗೆ ದೂರು ಕೊಟ್ಟು ವೈಯಕ್ತಿಕವಾಗಿ ನಷ್ಟ ಪರಿಹಾರ ಪಡೆಯಬಹುದಾದ ಸ್ಥಳೀಯ ವಿಕೋಪಗಳೆಂದರೆ ಆಲಿಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟ, ಸಿಡಿಲಿನ ಬೆಂಕಿ. ಬಿರುಗಾಳಿ ವ್ಯಾಪಕ ವಿಕೋಪಗಳ ಸಾಲಿನಲ್ಲಿದೆ, ಅಲ್ಲಿ ಲೆಕ್ಕ ನಡೆಯುವುದು ಆಯ್ದ ಕೆಲವು ತಾಕುಗಳಲ್ಲಿ ಇಳುವರಿ ಅಳೆಯುವ ಬೆಳೆ ಕಟಾವು ಪ್ರಯೋಗದ ಸರಾಸರಿಯ ಮೇಲೆ, ಆ ಸರಾಸರಿಯಲ್ಲಿ ಗಾಳಿ ಬಡಿದ ನಮ್ಮ ಕಿರಿದಾದ ಪಟ್ಟಿ ಮುಳುಗಿಹೋಗುತ್ತದೆ. ಮಹಾರಾಷ್ಟ್ರದ ಜಳಗಾಂವ್ ಭಾಗದ ಬಾಳೆಗೆ ಹವಾಮಾನ ಆಧಾರಿತ ವಿಮೆಯಲ್ಲಿ ಗಾಳಿಯ ವೇಗವನ್ನೂ ಒಂದು ಮಾನದಂಡವಾಗಿ ಇಟ್ಟಿದ್ದಾರೆ. ತೋಟಗಾರಿಕೆ ಸಚಿವರೊಂದಿಗೆ ತಾವು ಈ ವಿಷಯ ಚರ್ಚಿಸಬೇಕೆಂದು ಕೋರುತ್ತೇನೆ.

ದರದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಅದು ಬೇರೆಯದೇ ಹೋರಾಟ. ಬಹುವಾರ್ಷಿಕ ಬೆಳೆಗೆ 2025–26ರವರೆಗಿನ ಕೇಂದ್ರದ ಮಾನದಂಡದಂತೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಗೆ. ಬಾಳೆಯನ್ನು ಆ ವರ್ಗಕ್ಕೇ ಸೇರಿಸಿದರೂ ಎಕರೆಗೆ ಸುಮಾರು 9,000 ರೂಪಾಯಿ ಆಗುತ್ತದೆ. ಆರಡಿ ಅಂತರದಲ್ಲಿ ಎಕರೆಗೆ 1,200 ಗಿಡ ಕೂರುತ್ತವೆ ಎಂದರೆ ಗಿಡವೊಂದಕ್ಕೆ ಎಂಟು ರೂಪಾಯಿಯೂ ಬೀಳುವುದಿಲ್ಲ, ಅಂಗಾಂಶ ಕೃಷಿಯ ಒಂದು ಸಸಿ ಕೊಳ್ಳಲೂ ಅದು ಸಾಲದು. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಹೆಚ್ಚುವರಿ ಕೊಟ್ಟ ಉದಾಹರಣೆಗಳಿವೆ: 2021ರಲ್ಲಿ ದರಗಳನ್ನು ಏರಿಸಲಾಗಿತ್ತು, 2025ರಲ್ಲಿ ಹೆಕ್ಟೇರಿಗೆ 8,500 ರೂಪಾಯಿ ಸೇರಿಸಲಾಯಿತು. ಅವೆರಡೂ ಬಂದದ್ದು ದೊಡ್ಡ ಮಳೆ, ದೊಡ್ಡ ನೆರೆಗಳ ಬೆನ್ನಿಗೆ, ಹಲವು ಜಿಲ್ಲೆಗಳು ಒಟ್ಟಿಗೆ ಕೂಗಿದಾಗ. ಒಂದು ಊರಿನ ಅರ್ಧ ಭಾಗದ ಕೂಗಿಗೆ ಅಷ್ಟು ದನಿಯಿರುವುದಿಲ್ಲ, ಅದಕ್ಕೆ ದನಿಯಾಗಬೇಕಾದದ್ದು ಸರಿಯಾದ ಸಮೀಕ್ಷೆಯೇ.

ಜಮೀನನ್ನು ಗುತ್ತಿಗೆಗೆ, ವಾರಕ್ಕೆ (ಬೆಳೆಯ ಪಾಲಿಗೆ) ಮಾಡುವವರ ಸ್ಥಿತಿಯನ್ನೂ ಹೇಳದಿದ್ದರೆ ಈ ಪತ್ರ ಅಪೂರ್ಣ. ನಮ್ಮ ಭಾಗದಲ್ಲಿ ಬಾಳೆ ಇಡುವವರಲ್ಲಿ ಅನೇಕರು ಬೇರೆಯವರ ಜಮೀನನ್ನು ಮುಂಗಡ ಕೊಟ್ಟು ಹಿಡಿದವರು. ಪರಿಹಾರದ ಹಣ ಹೋಗುವುದು ಪಹಣಿಯಲ್ಲಿ ಹೆಸರಿರುವ, ರೈತರ ನೋಂದಣಿಯ ‘ಫ್ರೂಟ್ಸ್’ ಗುರುತಿನ ಸಂಖ್ಯೆ ಇರುವ, ಆಧಾರ್ ಜೋಡಿಸಿದ ಖಾತೆಗೆ. ಸಾಲ ಮಾಡಿದವನು ಒಬ್ಬ, ಪರಿಹಾರ ಪಡೆಯುವವನು ಇನ್ನೊಬ್ಬ. ತೀರಿಹೋದ ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿರುವ ಕುಟುಂಬಗಳಿಗೂ ಪೌತಿ ಖಾತೆ ಆಗುವವರೆಗೆ ಏನೂ ಸಿಗುವುದಿಲ್ಲ. ಹಣ ಯಾರಿಗೆ ಎಂಬ ಪ್ರಶ್ನೆಯನ್ನು ಇಂದೇ ಬಗೆಹರಿಸಲು ಆಗದಿರಬಹುದು. ಆದರೆ ಹಾನಿಯ ದಾಖಲೆಯಲ್ಲಿ ಸಾಗುವಳಿದಾರನ ಹೆಸರನ್ನು ಮಾಲೀಕನ ಹೆಸರಿನ ಪಕ್ಕದಲ್ಲಿ ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹಾಗೆ ಬರೆದಿಟ್ಟರೆ ಮುಂದೆ ಬ್ಯಾಂಕಿನ ಮುಂದೆಯೋ ಸಹಕಾರ ಸಂಘದ ಮುಂದೆಯೋ ಅವನು ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. ಸಮೀಕ್ಷೆಯ ಪಟ್ಟಿ ಸಿದ್ಧವಾದ ಮೇಲೆ ಅದು ‘ಪರಿಹಾರ’ ತಂತ್ರಾಂಶಕ್ಕೆ ಏರುವ ಮುನ್ನ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸಿ, ವಿಶೇಷ ಗ್ರಾಮಸಭೆಯಲ್ಲಿ ಹೆಸರು, ಸರ್ವೆ ನಂಬರು, ಹಾನಿಯ ಪ್ರಮಾಣಗಳನ್ನು ಓದಿ ಹೇಳುವಂತಾಗಲಿ. ಯಾರ ತೋಟ ಬಿದ್ದಿತು, ಯಾರದು ನಿಂತಿತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಬಿಟ್ಟುಹೋದ ಹೆಸರನ್ನು ಊರೇ ನೆನಪಿಸುತ್ತದೆ, ಸೇರಬಾರದ ಹೆಸರನ್ನು ಊರೇ ಪ್ರಶ್ನಿಸುತ್ತದೆ. ತಿರಸ್ಕೃತ ಅರ್ಜಿಗೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡುವುದನ್ನೂ, ಅದರ ಮೇಲೆ ತಹಶೀಲ್ದಾರರಲ್ಲಿ ಮೇಲ್ಮನವಿ ಸಲ್ಲಿಸಲು ಹದಿನೈದು ದಿನಗಳ ಅವಕಾಶ ನೀಡುವುದನ್ನೂ ಅದೇ ಸುತ್ತೋಲೆಯಲ್ಲಿ ಸೇರಿಸಬಹುದು.

ಈ ಪತ್ರದಲ್ಲಿ ಕೇಳಿರುವ ಬಹುಪಾಲು ವಿಷಯಗಳಿಗೆ ಹೊಸ ಕಾನೂನೂ ಬೇಡ, ದೊಡ್ಡ ಅನುದಾನವೂ ಬೇಡ. ರೈತನ ಫೋಟೊ ಮತ್ತು ಮಹಜರನ್ನು ಸಾಕ್ಷ್ಯವಾಗಿ ಒಪ್ಪುವುದು, ನಮೂನೆಯಲ್ಲಿ ಎರಡು ಕಾಲಂ ಸೇರಿಸುವುದು, ಛಾವಣಿ ಹೋದ ಮನೆಯ ವರ್ಗವನ್ನು ಸರಿಪಡಿಸುವುದು, ಗ್ರಾಮಸಭೆಯಲ್ಲಿ ಪಟ್ಟಿ ಓದುವುದು ತಮ್ಮ ಇಲಾಖೆಯ ಆದೇಶದಿಂದಲೇ ಆಗುವ ಕೆಲಸಗಳು. ಬಿರುಗಾಳಿ ಮತ್ತು ಸುಂಟರಗಾಳಿಯ ಅಧಿಸೂಚನೆಗೆ ಸಚಿವ ಸಂಪುಟದ ಒಪ್ಪಿಗೆ ಬೇಕಾದರೆ ತಾವು ಪ್ರಸ್ತಾವ ಮಂಡಿಸಬೇಕೆಂದು ವಿನಂತಿಸುತ್ತೇನೆ. ನಮೂನೆಯ ಕರಡು ತಯಾರಿಸುವಾಗ ಬಾಳೆ, ಅಡಿಕೆ, ತೆಂಗು ಬೆಳೆಗಾರರನ್ನೂ ಗ್ರಾಮ ಆಡಳಿತ ಅಧಿಕಾರಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರೆ ನಾವು ನಮ್ಮ ತೋಟಗಳ ನಕ್ಷೆ, ಫೋಟೊಗಳೊಂದಿಗೆ ಬರಲು ಸಿದ್ಧರಿದ್ದೇವೆ. ಸುತ್ತೋಲೆ ಮುಂದಿನ ಅಶ್ವಿನಿ ಮಳೆಗೆ ಮುಂಚೆ, ಅಂದರೆ ಏಪ್ರಿಲ್ ಎರಡನೆಯ ವಾರದೊಳಗೆ, ಎಲ್ಲ ತಾಲ್ಲೂಕು ಕಚೇರಿಗಳನ್ನೂ ತಲುಪಬೇಕೆಂಬುದು ನಮ್ಮ ಕೋರಿಕೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಕಪಿಲಾ ಬಯಲಿನ ಒಬ್ಬ ಬಾಳೆ ಬೆಳೆಗಾರ